ಅತ್ತೆಗೆ ಮೊದಲು ಯಾವ ಆಲ್ಬಂ

ಸರಸತ್ತೆಯ ಫೋನು ಬಂದಾಗ ಅನಿಲ್ ಚೆನ್ನೈನ ಗಿಂಡಿ ಮೆಟ್ರೋ ನಿಲ್ದಾಣದ ಎಸ್ಕಲೇಟರ್ ಮೇಲಿದ್ದ. ಹೆಂಡತಿಯ ತಾಯಿ ಅವನಿಗೆ ನೇರವಾಗಿ ಫೋನು ಮಾಡುವುದು ವರ್ಷಕ್ಕೆ ಎರಡು ಸಲ. ಒಂದು ಅವನ ಹುಟ್ಟುಹಬ್ಬಕ್ಕೆ, ಇನ್ನೊಂದು ವಿಮೆಯ ಕಾಗದ ಯಾವುದಾದರೂ ಅರ್ಥವಾಗದಿದ್ದಾಗ. ಅನಿಲ್ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಇದೂ ಕಾಗದದ ವಿಷಯವೇ ಇರಬೇಕು ಎಂದುಕೊಂಡ.

"ಶ್ರೀಶ ಫೋನ್ ಮಾಡಿದ್ದ," ಎಂದರು ಸರಸತ್ತೆ. "ಅವರ ಬ್ಯಾಂಡಿಂದು ಪ್ರೋಗ್ರಾಂ ಉಂಟಂತೆ, ಬರುವ ತಿಂಗಳು ಮೊದಲನೇ ಭಾನುವಾರ. ಹನ್ನೊಂದು ವರ್ಷ ಆದ ಮೇಲೆ ಪುನಃ ಸೇರಿದ್ದಾರಂತೆ. ನನಗೆ ಪಾಸು ಕಳಿಸಿದ್ದಾನೆ."

"ಗೊತ್ತು ಅತ್ತೆ. ನಾನು ಟಿಕೆಟ್ ತಗೊಂಡು ಒಂದು ತಿಂಗಳಾಯ್ತು."

"ಹೌದಾ? ನನಗೆ ಹೇಳಲೇ ಇಲ್ಲ ನೀವು. ಇರಲಿ. ನಾನು ಅವನ ಒಂದು ಪದ್ಯವನ್ನೂ ಕೇಳಿದವಳಲ್ಲ. ಅಲ್ಲಿ ಹೋಗಿ ಬಾಯಿ ಬಿಟ್ಟುಕೊಂಡು ಕೂತುಕೊಳ್ಳುವುದು ಸರಿಯಲ್ಲ. ಒಂದು ಆಲ್ಬಂ ಹೇಳಿ, ಕೇಳ್ತೇನೆ. ಒಂದೇ ಹೇಳಿ. ಎಲ್ಲ ಕೇಳಲಿಕ್ಕೆ ನನಗೆ ಪುರುಸೊತ್ತಿಲ್ಲ."

ಎಸ್ಕಲೇಟರ್ ಮುಗಿದದ್ದು ಅನಿಲನಿಗೆ ಗೊತ್ತಾಗಲಿಲ್ಲ. ಮುಗ್ಗರಿಸಿದ. ಹಿಂದಿನಿಂದ ಬಂದವರು ತಮಿಳಿನಲ್ಲಿ ಬೈದುಕೊಂಡು ಪಕ್ಕಕ್ಕೆ ಸರಿದು ಹೋದರು.

'ಶಂಟಿಂಗ್ ಯಾರ್ಡ್' ಬ್ಯಾಂಡನ್ನು ಅನಿಲ್ ಕೇಳಲು ಶುರುಮಾಡಿದ್ದು ಕಾಲೇಜಿನ ಮೊದಲ ವರ್ಷದಲ್ಲಿ. ಚೆನ್ನೈನ ಬ್ಯಾಂಡು ಅದು. ತಮಿಳು, ಇಂಗ್ಲಿಷ್ ಎರಡರಲ್ಲೂ ಹಾಡುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವನು ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದ. ಸಹಪಾಠಿಗಳು ಕೇಳಲಿಲ್ಲ, ಆಫೀಸಿನವರು ಕೇಳಲಿಲ್ಲ, ಹೆಂಡತಿ ಭಾವನಾ ಅಂತೂ ಅವನು ಹಾಡು ಹಾಕಿದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಭಾವನಾಳ ಸೋದರಮಾವನೇ ಆ ಬ್ಯಾಂಡಿನ ಹಾಡುಗಾರ, ಗಿಟಾರ್ ನುಡಿಸುವ ಶ್ರೀಶ ಎಂಬುದು ಅನಿಲನಿಗೆ ತಿಳಿದದ್ದು ಮದುವೆಯ ದಿನ, ಧಾರೆಗೆ ಹತ್ತು ನಿಮಿಷ ಮೊದಲು. ಆವತ್ತಿನ ಫೋಟೋಗಳಲ್ಲಿ ವರನ ಕಣ್ಣು ವಧುವಿನ ಮೇಲಿಲ್ಲ, ಮೂರನೇ ಸಾಲಿನ ಕುರ್ಚಿಯೊಂದರ ಮೇಲಿದೆ.

ಕೊನೆಗೂ ಒಬ್ಬರು ಕೇಳಿದರು. ಆದರೆ ಯಾರು ಕೇಳಬಾರದಿತ್ತೋ ಅವರೇ ಕೇಳಿದರು.

ಬ್ಯಾಂಡಿನದು ನಾಲ್ಕೇ ಆಲ್ಬಂ. 'ಗೇಟ್ ಕ್ಲೋಸ್ಡ್', 'ರಾಂಗ್ ಸೈಡ್', 'ಮೀಲ್ಸ್ ರೆಡಿ', ಆಮೇಲೆ 'ಮಾಡಿ ವೀಡು', ಅಂದರೆ ಮಹಡಿ ಮನೆ. ಹೊಸಬರಿಗೆ ಯಾವುದು ಎಂದರೆ ಯೋಚಿಸುವ ಅಗತ್ಯವೇ ಇಲ್ಲ, 'ಮೀಲ್ಸ್ ರೆಡಿ'. ಹೋಟೆಲುಗಳ ಮುಂದೆ ತೂಗುವ ಆ ಬೋರ್ಡಿನ ಹೆಸರನ್ನೇ ಇಟ್ಟುಕೊಂಡ ಆಲ್ಬಂ ಅದು. ಒಂಬತ್ತು ಹಾಡುಗಳಲ್ಲಿ ಒಂದೂ ಸೋತಿಲ್ಲ. ಕೊನೆಯ ಹಾಡು 'ಮುದಲಾಳಿ', ಅಂದರೆ ಯಜಮಾನ, ಏಳು ನಿಮಿಷದ್ದು. ಹೋಟೆಲಿನ ಯಜಮಾನನೊಬ್ಬ ಮಗನ ಗಿಟಾರನ್ನು ರುಬ್ಬುವ ಕಲ್ಲಿಗೆ ಅಪ್ಪಳಿಸಿ ಒಡೆದು, ಚೂರುಗಳನ್ನು ಅಡುಗೆಮನೆಯ ಒಲೆಗೆ ಹಾಕುವ ಕಥೆ. ಕೊನೆಯಲ್ಲಿ ಒಂದೇ ಸಾಲು ಹದಿನಾರು ಸಲ ಬರುತ್ತದೆ: 'ಮುದಲಾಳಿ, ಎನ್ ಮರತ್ತೆ ಎರಿಚ್ಚು ಸಾಂಬಾರ್ ವೈ.' ಯಜಮಾನ, ನನ್ನ ಮರವನ್ನು ಉರಿಸಿ ಸಾಂಬಾರು ಮಾಡು. ಪ್ರತಿ ಕಾರ್ಯಕ್ರಮದಲ್ಲೂ ಜನ ಎದ್ದು ನಿಂತು, ಗಂಟಲು ಹರಿಯುವ ಹಾಗೆ ಈ ಸಾಲನ್ನು ಕೂಗುತ್ತಿದ್ದರು. ಅನಿಲನೂ ಕೂಗಿದವನೇ, ಒಂಬತ್ತು ಸಲ.

ಆ ಯಜಮಾನ ಭೋಜರಾಜರು. ಸಾಲಿಗ್ರಾಮದ ಕಡೆಯಿಂದ ಬಂದು ಎಗ್ಮೋರ್ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ಕಟ್ಟಿದವರು. ಸರಸತ್ತೆಯ ಮತ್ತು ಶ್ರೀಶನ ತಂದೆ. ಹೋಟೆಲಿನ ಹಿಂದಿನ ಮನೆಯಲ್ಲಿ ಅವರ ಫೋಟೋಗೆ ಸರಸತ್ತೆ ದಿನಾ ಬೆಳಿಗ್ಗೆ ಹೂ ಇಡುತ್ತಾರೆ. ಅವರು ತೀರಿಕೊಂಡ ಮರುವರ್ಷವೇ ಆಲ್ಬಂ ಬಂದದ್ದು. ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಶ್ರೀಶ ಮದುವೆ ಮುಂಜಿಗಳಿಗೆ ಬರುತ್ತಿದ್ದ, ಉಂಡು ಹೋಗುತ್ತಿದ್ದ, ಹಾಡಿನ ಮಾತನ್ನು ಅವನೂ ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ.

"ಯೋಚನೆ ಮಾಡಿ ಹೇಳ್ತೀನಿ ಅತ್ತೆ," ಎಂದ ಅನಿಲ್.

"ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?" ಎಂದರು ಅವರು.

ಆಫೀಸಿನಲ್ಲಿ ಊಟದ ಹೊತ್ತಿಗೆ ಧನುಷ್‌ನನ್ನು ಕೇಳಿದ. ಧನುಷ್ ಹೊಸೂರಿನ ಕನ್ನಡಿಗ, ಆಫೀಸಿನಲ್ಲಿ ಶಂಟಿಂಗ್ ಯಾರ್ಡ್ ಕೇಳಿದ ಇನ್ನೊಬ್ಬನೇ ವ್ಯಕ್ತಿ.

"ಮೀಲ್ಸ್ ರೆಡಿ," ಎಂದ ಧನುಷ್, ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆಯೇ. "ಬೇರೆ ಮಾತೇ ಇಲ್ಲ ಮಚಿ."

ಅನಿಲ್ ಕಾರಣ ವಿವರಿಸಿದ. ಧನುಷ್ ಪೂರ್ತಿ ಕೇಳಿಕೊಂಡು, "ಸರಿ, ಕೊನೆ ಹಾಡು ಕಟ್ ಮಾಡಿ ಕೊಡು," ಎಂದ.

"ಕೊನೆ ಹಾಡು ಇಲ್ಲದೆ ಅದು ಮೀಲ್ಸ್ ರೆಡಿ ಹೇಗಾಗುತ್ತೆ?"

"ಅದೂ ಹೌದು. ಹಾಗಾದ್ರೆ ಕೊಡಲೇಬೇಡ. ಇಲ್ಲ, ರಾಂಗ್ ಸೈಡ್ ಕೊಡು. ಇರು, ಅವರಿಗೆ ಇಂಗ್ಲಿಷ್ ಬರುತ್ತಾ?"

"ಪೇಪರ್ ಓದ್ತಾರೆ. ಹಾಡು ಹಿಡಿಯೋದು ಕಷ್ಟ."

ಧನುಷ್ ಇದನ್ನು ತನ್ನದೇ ಕೆಲಸ ಮಾಡಿಕೊಂಡ. ಸಂಜೆಯೊಳಗೆ ಮೂವತ್ತನಾಲ್ಕು ಹಾಡುಗಳ ಪಟ್ಟಿ ಮಾಡಿ, ಯಾವುದರಲ್ಲಿ ಎಷ್ಟು ಗದ್ದಲ, ಎಷ್ಟು ಬೈಗುಳ, ಐವತ್ತು ದಾಟಿದವರಿಗೆ ಎಷ್ಟು ಸಹ್ಯ ಎಂದು ಅಂಕ ಹಾಕಿ ಕಳಿಸಿದ. ಮರುದಿನ ಅಂಕಗಳನ್ನು ತಿದ್ದಿ ಇನ್ನೊಂದು ಕಳಿಸಿದ. ಮೂರನೆಯ ದಿನ, ಹೊಸಬರಿಗೆ ಆಲ್ಬಂ ಕೊಡುವುದೇ ತಪ್ಪು, ಲೈವ್ ರೆಕಾರ್ಡಿಂಗ್ ಕೊಡಬೇಕು ಎಂದು ಕ್ಯಾಂಟೀನಿನಲ್ಲಿ ವಾದಕ್ಕೇ ನಿಂತ. ಅನಿಲ್ ತಟ್ಟೆ ತೆಗೆದುಕೊಂಡು ಬೇರೆ ಮೇಜಿಗೆ ಹೋದ.

ಮನೆಯಲ್ಲಿ ಭಾವನಾ ಒಂದು ವಾಕ್ಯದಲ್ಲಿ ತೀರ್ಮಾನ ಕೊಟ್ಟಳು. "ಅಮ್ಮನಿಗೆ ಬೀಪಿ ಉಂಟು. ಯಾವುದು ಮೆಲ್ಲಗಿದೆಯೋ ಅದು ಕೊಡಿ, ಮುಗೀತು."

"ಮೆಲ್ಲಗಿರೋದು ಅವರ ಅತ್ಯಂತ ಕೆಟ್ಟ ಆಲ್ಬಂ."

"ಅಮ್ಮ ಪರೀಕ್ಷೆಗೆ ಕೂರ್ತಿಲ್ಲ. ಸುಮ್ಮನೆ ಒಂದು ಕೊಡ್ಲಿಕ್ಕೆ ಹತ್ತು ದಿನ ಬೇಕಾ ನಿಮಗೆ?"

ಹತ್ತು ದಿನ ಆಗಿಯೇ ಹೋಗಿತ್ತು. ಅನಿಲ್ ಎಗ್ಮೋರಿಗೆ ಹೋಗಿ ಅತ್ತೆಯ ಫೋನಿಗೆ 'ಮಾಡಿ ವೀಡು' ಹಾಕಿಕೊಟ್ಟ. ಕರೆಂಟಿನ ವಾದ್ಯಗಳನ್ನೆಲ್ಲ ಬದಿಗಿಟ್ಟು, ಬರೀ ಮರದ ಗಿಟಾರುಗಳಲ್ಲಿ ನುಡಿಸಿದ್ದು. ಸರಸತ್ತೆ ಕನ್ನಡಕ ಹಾಕಿಕೊಂಡು, ಸಂಜೆ ಮಲ್ಲಿಗೆ ಕಟ್ಟುತ್ತ ಪೂರ್ತಿ ಕೇಳಿದರು. ಎರಡು ದಿನ ಬಿಟ್ಟು ಫೋನು ಮಾಡಿದರು.

"ಚಂದ ಉಂಟು. ಆದರೆ ಇದರಲ್ಲಿ ಅವ ಇಲ್ಲ."

"ಅಂದ್ರೆ?"

"ಹಾಡಿದ್ದು ಅವನೇ, ಗೊತ್ತಾಗ್ತದೆ. ಬಾರಿಸಿದ್ದು ಅವ ಅಲ್ಲ. ಮನೆ ಮಹಡಿ ಮೇಲೆ ಆರು ವರ್ಷ ದಿನಾ ಕೇಳಿದ್ದೇನೆ ನಾನು, ಬೇಡ ಬೇಡ ಅಂದರೂ ಕಿವಿಗೆ ಬೀಳ್ತಿತ್ತು. ಇದು ಬೇರೆ ಯಾರದೋ ಕೈ. ಇಷ್ಟು ಸಾಧು ಪದ್ಯ ಹೇಳ್ಲಿಕ್ಕೆ ಅವ ಮನೆ ಬಿಟ್ಟು ಹೋದದ್ದಾ?"

ಆ ಆಲ್ಬಂ ಮಾಡಿದ ವರ್ಷ ಶ್ರೀಶನ ಮಣಿಕಟ್ಟು ಮುರಿದಿತ್ತು, ಅದರ ಮುಕ್ಕಾಲು ಭಾಗ ಬೇರೊಬ್ಬರು ನುಡಿಸಿದ್ದರು. ಇದು ಗೊತ್ತಿರುವವರು ಇಡೀ ಊರಿನಲ್ಲಿ ಇಪ್ಪತ್ತು ಜನ ಇರಬಹುದು. ಅವನು ಅದನ್ನು ಕಂಡುಹಿಡಿಯಲು ಏಳು ವರ್ಷ ಹಿಡಿದಿತ್ತು. ಅತ್ತೆ ಮಲ್ಲಿಗೆ ಕಟ್ಟುತ್ತ ಹೇಳಿಬಿಟ್ಟಿದ್ದರು.

ಮುಂದಿನದು ಅವನ ತಪ್ಪು, ಅವನೇ ಒಪ್ಪಿಕೊಳ್ಳುತ್ತಾನೆ. 'ಗೇಟ್ ಕ್ಲೋಸ್ಡ್' ಕಳಿಸಿದ. ಕಾರ್ ಶೆಡ್ಡೊಂದರಲ್ಲಿ ರೆಕಾರ್ಡ್ ಮಾಡಿದ ಮೊದಲ ಆಲ್ಬಂ, ಡ್ರಮ್ಮು ಬಿಟ್ಟರೆ ಏನೂ ಕೇಳಿಸದು. ಸರಸತ್ತೆ ಎರಡು ಹಾಡಿಗೆ ನಿಲ್ಲಿಸಿ, ಇವರಲ್ಲಿ ಶ್ರುತಿ ನೋಡುವವರು ಯಾರೂ ಇರಲಿಲ್ಲವೇ ಎಂದು ಕೇಳಿದರು. ಆಮೇಲೆ 'ರಾಂಗ್ ಸೈಡ್' ಕಳಿಸಿದ. ಅದನ್ನು ಪೂರ್ತಿ ಕೇಳಿದರು. ಗಿಟಾರು ಅವನದೇ ಎಂದರು, ಮಾತು ಒಂದೂ ತಿಳಿಯಲಿಲ್ಲ ಎಂದರು, ಆಮೇಲೆ, "ನಾನು ಕೇಳಿದ್ದು ಒಂದು, ನೀವು ಕೊಟ್ಟದ್ದು ಮೂರು," ಎಂದರು. "ಪಾಸಿನ ಹಿಂದೆ ನಾಲ್ಕು ಹೆಸರು ಪ್ರಿಂಟ್ ಮಾಡಿದ್ದಾರೆ ಅನಿಲ್."

"ಅದು ಈಗ ಎಲ್ಲೂ ಸಿಗಲ್ಲ ಅತ್ತೆ."

ಅಳಿಯ ಸುಳ್ಳು ಹೇಳಿದಾಗ ಅತ್ತೆ ಎಷ್ಟು ಸುಮ್ಮನಿರಬೇಕೋ ಅಷ್ಟು ಸುಮ್ಮನಿದ್ದರು.

ಕಾರ್ಯಕ್ರಮಕ್ಕೆ ಇನ್ನು ಆರು ದಿನ ಇತ್ತು. ಸೋಮವಾರ ವಿರುಗಂಬಾಕ್ಕಂನಲ್ಲಿ ನೆಂಟರ ಮದುವೆ. ಮಾವನವರಿಗೆ ಹೋಟೆಲು ಬಿಡಲಾಗದು, ಭಾವನಾಳಿಗೆ ಶಾಲೆಯಲ್ಲಿ ಪಾಠ. ಅತ್ತೆಯನ್ನು ಕರೆದುಕೊಂಡು ಹೋಗಿ ಬರುವ ಕೆಲಸ ಅನಿಲನಿಗೆ ಬಿತ್ತು. ಊಟ ಮುಗಿಸಿ ವಾಪಸು ಬರುವಾಗ ಕೋಯಂಬೇಡು ಮಾರ್ಕೆಟ್ಟಿನ ಹತ್ತಿರ ದಾರಿ ಕಟ್ಟಿಕೊಂಡಿತು. ಮುಂದೆ ಬಾಳೆಗೊನೆಯ ಲಾರಿ, ಎಡಕ್ಕೆ ಸರ್ಕಾರಿ ಬಸ್ಸು, ಬಲಕ್ಕೆ ಎಲೆಕೋಸು ತುಂಬಿದ ಮಿನಿ ವ್ಯಾನು. ಹದಿನೈದು ನಿಮಿಷದಲ್ಲಿ ಕಾರು ಒಂದು ಮಾರೂ ಹೋಗಿರಲಿಲ್ಲ.

"ಈಗ ಹಾಕಿ," ಎಂದರು ಸರಸತ್ತೆ.

"ಏನು?"

"ಆ ನಾಲ್ಕನೆಯದು. ನಿಮ್ಮ ಫೋನಲ್ಲಿ ಉಂಟು. ಬರುವಾಗ ಕಾರಲ್ಲಿ ಅದರ ಚಿತ್ರ ಬಂದಿತ್ತು, ಹೋಟೆಲು ಬೋರ್ಡಿಂದು. ನೀವು ಬೇಗ ಬೇಗ ಬದಲಿಸಿದ್ರಿ."

"ಅತ್ತೆ, ಅದರಲ್ಲಿ ಒಂದು ಹಾಡು ಇದೆ. ನಿಮಗೆ ಬೇಜಾರಾಗುತ್ತೆ."

"ಅಪ್ಪನದ್ದಲ್ವಾ?"

ಅನಿಲ್ ಅವರ ಕಡೆ ತಿರುಗಿದ.

"ಇಪ್ಪತ್ತು ವರ್ಷದಿಂದ ಜನ ನನ್ನ ಹತ್ತಿರ ಆ ಆಲ್ಬಮ್ಮಿನ ಹೆಸರು ಹೇಳ್ಲಿಕ್ಕೆ ಹೊರಟು ಅರ್ಧಕ್ಕೆ ನಿಲ್ಲಿಸ್ತಾರೆ," ಎಂದರು ಅವರು. "ಅಪ್ಪನ ಬಗ್ಗೆ ಎಂತದೋ ಉಂಟು ಅಂತ ಗೊತ್ತು. ಎಂತದು ಅಂತ ಗೊತ್ತಿಲ್ಲ. ಆ ಹಾಡೇ ಹಾಕಿ."

ಅವನಿಗೆ ಇನ್ನು ಸಾಕಾಗಿತ್ತು. ಮೂರು ವಾರ ಯೋಚಿಸಿದ್ದು, ಪಟ್ಟಿಗಳು, ಸುಳ್ಳು, ಎಲ್ಲವೂ ಸಾಕಾಗಿತ್ತು. ಹಾಕಿದ. ಗಾಜು ಏರಿಸಿದ ಕಾರಿನೊಳಗೆ ಏಳು ನಿಮಿಷ 'ಮುದಲಾಳಿ' ಮೊಳಗಿತು. ಅನಿಲ್ ಬಾಳೆಗೊನೆಗಳನ್ನು ನೋಡುತ್ತ ಕುಳಿತ. ಅರವತ್ತರ ಹತ್ತಿರದ ಹೆಂಗಸೊಬ್ಬರ ಪಕ್ಕದಲ್ಲಿ, ರೇಷ್ಮೆ ಸೀರೆಯ ಮಡಿಲಿನಲ್ಲಿ ತಾಂಬೂಲದ ಚೀಲ ಇಟ್ಟುಕೊಂಡವರ ಪಕ್ಕದಲ್ಲಿ ಕುಳಿತು ಕೇಳಿದರೆ ಆ ಹಾಡು ಎಷ್ಟು ಉದ್ದ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಹದಿನಾರು ಸಲದ ಸಾಲು ಬಂದಾಗ ಕೈ ಅದಾಗಿಯೇ ಸದ್ದು ತಗ್ಗಿಸಲು ಹೋಯಿತು. ಸರಸತ್ತೆ ಆ ಕೈಯನ್ನು ತಡೆದರು.

ಹಾಡು ಮುಗಿಯಿತು. ಹೊರಗೆ ಯಾರೋ ಹಾರ್ನ್ ಮೇಲೆ ಕೈ ಇಟ್ಟವರು ತೆಗೆದೇ ಇರಲಿಲ್ಲ.

"ರುಬ್ಬುವ ಕಲ್ಲು ಅಲ್ಲ," ಎಂದರು ಸರಸತ್ತೆ. "ಬಟ್ಟೆ ಒಗೆಯುವ ಕಲ್ಲು. ಮಹಡಿ ಮೇಲೆ ಇತ್ತಲ್ಲ, ಅದು. ಒಲೆಗೆ ಹಾಕಿದ್ದೂ ಸುಳ್ಳು. ನಮ್ಮಲ್ಲಿ ಆಗಲೇ ಗ್ಯಾಸು ಬಂದಿತ್ತು."

"ಹಾಡಿಗೋಸ್ಕರ ಹಾಗೆ ಬರೆದಿರ್ತಾರೆ ಅತ್ತೆ."

"ಮತ್ತೆ, ಒಡೆದದ್ದು ಅಪ್ಪ ಅಲ್ಲ. ನಾನು."

ಲಾರಿ ಮುಂದೆ ಸರಿದಿತ್ತು. ಹಿಂದಿನವರು ಹಾರ್ನ್ ಮಾಡಿದ ಮೇಲೆಯೇ ಅನಿಲನಿಗೆ ಅದು ಕಂಡದ್ದು.

ಸರಸತ್ತೆ ಹೇಳಿದ್ದು ಇಷ್ಟು. ಭಾವನಾಳಿಗೆ ಆಗ ಆರು ವರ್ಷ, ಮೂರು ದಿನದಿಂದ ಜ್ವರ, ಆವತ್ತು ಮಧ್ಯಾಹ್ನ ಆಗಷ್ಟೇ ಕಣ್ಣು ಮುಚ್ಚಿದ್ದಳು. ಗಂಡ ಹೋಟೆಲಿನಲ್ಲಿ, ಅಪ್ಪ ಎಗ್ಮೋರ್ ಸ್ಟೇಷನ್ನಿಗೆ ನೆಂಟರನ್ನು ಕರೆತರಲು ಹೋಗಿದ್ದರು. ಶ್ರೀಶ ಮಹಡಿಯ ಕೋಣೆಯಲ್ಲಿ ಬಾರಿಸುತ್ತಿದ್ದವನು ಗಿಟಾರನ್ನು ಹಾಗೆಯೇ ಆಂಪ್ಲಿಫೈಯರಿಗೆ ಒರಗಿಸಿಟ್ಟು ಟೀ ಕುಡಿಯಲು ಹೋದ. ಅದು ತನ್ನಷ್ಟಕ್ಕೇ ಕೂಗಲು ಶುರುಮಾಡಿತು. ನಿಲ್ಲದ, ಏರುತ್ತಲೇ ಹೋಗುವ ಕೂಗು. ಮಗು ಎದ್ದು ಕಿರುಚಿತು. ಸರಸತ್ತೆ ಮೇಲೆ ಓಡಿದರು. ಎಲ್ಲಿ ಆಫ್ ಮಾಡಬೇಕೆಂದು ಗೊತ್ತಿರಲಿಲ್ಲ. ಮೂರು ಗುಂಡಿ ತಿರುಗಿಸಿದರು, ಕೂಗು ಜಾಸ್ತಿಯಾಯಿತು. ಗಿಟಾರನ್ನು ಹೊರಗೆ ಎಳೆದುಕೊಂಡು ಬಂದು, ಎರಡೂ ಕೈಯಲ್ಲಿ ಹಿಡಿದು ಕಲ್ಲಿಗೆ ಹೊಡೆದರು. ಎರಡನೇ ಏಟಿಗೆ ಕುತ್ತಿಗೆ ಮುರಿಯಿತು.

"ಮೊದಲು ಬಂದದ್ದು ಅಪ್ಪ. ನಾನು ಅಲ್ಲೇ ನಿಂತಿದ್ದೆ. ನೋಡಿ, 'ನೀನು ಕೆಳಗೆ ಹೋಗು, ಮಗು ಅಳ್ತಾ ಉಂಟು' ಅಂದರು. 'ನಾನು ಅಂತ ಹೇಳ್ತೇನೆ. ನನ್ನ ಮೇಲೆ ಅವನಿಗೆ ಹೇಗೂ ದಿನಾ ಸಿಟ್ಟು, ಎರಡು ದಿನಕ್ಕೆ ಇಳೀತದೆ' ಅಂದರು."

"ಅವತ್ತೇ ಸಂಜೆ ಅವರು ಮನೆ ಬಿಟ್ಟರು," ಎಂದ ಅನಿಲ್. ಇದು ಅಭಿಮಾನಿಗಳೆಲ್ಲರಿಗೂ ಗೊತ್ತಿದ್ದ ವಿಷಯ.

"ಅವತ್ತೇ ಸಂಜೆ." ಸರಸತ್ತೆ ತಾಂಬೂಲದ ಚೀಲದ ದಾರವನ್ನು ಬೆರಳಿಗೆ ಸುತ್ತಿದರು. "ಹೇಳ್ಬೇಕಿತ್ತು. ಇವತ್ತು, ನಾಳೆ ಅಂತ ಅಪ್ಪನೇ ಹೋದರು. ಆಮೇಲೆ ಹೇಳಿ ಎಂತ ಪ್ರಯೋಜನ ಅಂದುಕೊಂಡೆ. ಅವ ಹೀಗೆ ಊರಿಗೆಲ್ಲ ಸಾರಿಕೊಂಡು ಬರ್ತಾನೆ ಅಂತ ಯಾರಿಗೆ ಗೊತ್ತು. ಈಗ ಹೇಳ್ಬೇಕು. ಪ್ರೋಗ್ರಾಮಿಗೆ ಮೊದಲು ಹೇಳ್ಬೇಕು."

"ಆಮೇಲೆ ಹೇಳಿ ಅತ್ತೆ," ಎಂದ ಅನಿಲ್. ಮಾತು ಬಾಯಿಂದ ತಾನಾಗಿ ಹೊರಟಿತ್ತು. "ಹನ್ನೊಂದು ವರ್ಷದ ಮೇಲೆ ಮಾಡ್ತಿದ್ದಾರೆ. ಅದು ಕೊನೆ ಹಾಡು. ಜನ ಅದಕ್ಕೇ ಬರ್ತಾರೆ. ಮುಂದಿನ ಸೋಮವಾರ ಹೇಳಿದ್ರೂ ನಡೆಯುತ್ತೆ."

ಸರಸತ್ತೆ ಅವನನ್ನೊಮ್ಮೆ ನೋಡಿ ರಸ್ತೆ ನೋಡಿದರು.

ಆ ರಾತ್ರಿಯ ಊಟಕ್ಕೆ ಕುಳಿತಾಗ ಭಾವನಾ ಇದನ್ನೇ ಎತ್ತಿದಳು. ಅಮ್ಮ ಎಲ್ಲವನ್ನೂ ಅವಳಿಗೆ ಫೋನಿನಲ್ಲಿ ಹೇಳಿದ್ದರು. ತನ್ನ ಜ್ವರದಿಂದ ಶುರುವಾದ ಕಥೆ ಅದೆಂದು ಅವಳಿಗೂ ಅಂದೇ ತಿಳಿದದ್ದು. "ಅಮ್ಮ ಇಪ್ಪತ್ತೆಂಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾರೆ. ನಿಮಗೆ ಚಿಂತೆ ಒಂದು ಹಾಡಿಂದು."

"ಹಾಗಲ್ಲ."

"ಹಾಗೇ. ಒಂದು ಆಲ್ಬಂ ಕೊಡಿ ಅಂದರೆ ಮೂರು ವಾರ ಮಾಡಿದ್ರಿ. ಮೊದಲೇ ಅದನ್ನ ಕೊಟ್ಟಿದ್ರೆ ಅಮ್ಮ ಆವತ್ತೇ ಮಾಮನ ಹತ್ತಿರ ಮಾತಾಡ್ತಿದ್ದರು. ಈಗ ನೋಡಿ, ಐದು ದಿನ ಉಂಟು."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಅವನಿಗೆ ಹೆಚ್ಚು ಕಿರಿಕಿರಿ ಮಾಡಿತು.

ಶ್ರೀಶ ಫೋನು ಎತ್ತಲಿಲ್ಲ. ಕಾರ್ಯಕ್ರಮದ ವಾರ ಅವನು ಫೋನು ಎತ್ತುವವನಲ್ಲ. ಕೊನೆಗೆ ಶನಿವಾರ ಮಧ್ಯಾಹ್ನ ಅನಿಲನೇ ಸರಸತ್ತೆಯನ್ನು ಗಿಂಡಿ ಕೈಗಾರಿಕಾ ಎಸ್ಟೇಟಿನ ಒಂದು ಶೆಡ್ಡಿಗೆ ಕರೆದುಕೊಂಡು ಹೋದ. ಮೊದಲು ಅಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುತ್ತಿದ್ದರು, ಈಗ ಬ್ಯಾಂಡು ಅಭ್ಯಾಸಕ್ಕೆ ತೆಗೆದುಕೊಂಡಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಇಂಥ ಬಾಗಿಲೊಳಗೆ ಕಾಲಿಡಲು ಅನಿಲ್ ಏನು ಬೇಕಾದರೂ ಕೊಡುತ್ತಿದ್ದ. ಇಂದು ಹೊರಗೇ ನಿಲ್ಲುತ್ತೇನೆ ಎಂದ. ಸರಸತ್ತೆ ಬಿಡಲಿಲ್ಲ.

ಶ್ರೀಶನಿಗೆ ಐವತ್ತು. ಓದುವ ಕನ್ನಡಕ ಮೂಗಿನ ತುದಿಯಲ್ಲಿತ್ತು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತು ತಂತಿ ಬಿಗಿಯುತ್ತಿದ್ದ. ಅಕ್ಕನನ್ನು ಕಂಡು ಎದ್ದ.

"ಎಂತಾಯ್ತು? ಮನೆಯಲ್ಲಿ ಎಲ್ಲ ಹುಷಾರುಂಟಲ್ವಾ?"

"ಎಲ್ಲ ಹುಷಾರು. ನೀನು ಕೂತುಕೋ," ಎಂದರು ಸರಸತ್ತೆ. ತಾವು ನಿಂತೇ ಎಲ್ಲ ಹೇಳಿದರು. ಕಾರಿನಲ್ಲಿ ಅನಿಲನಿಗೆ ಹೇಳಿದ್ದಕ್ಕಿಂತ ಚುಟುಕಾಗಿ, ಪೀಠಿಕೆ ಇಲ್ಲದೆ. ಡ್ರಮ್ ಬಾರಿಸುವವರು, ಬೇಸ್ ನುಡಿಸುವವರು ಕನ್ನಡ ತಿಳಿಯದಿದ್ದರೂ ಕೈ ನಿಲ್ಲಿಸಿ ನೋಡುತ್ತಿದ್ದರು.

ಶ್ರೀಶ ಕನ್ನಡಕ ತೆಗೆದ.

"ನಾಳೆ ಶೋ ಅಕ್ಕ. ನೀನು ಇವತ್ತು ಬಂದು ಹೇಳ್ತೀ."

"ಮಂಗಳವಾರದಿಂದ ಫೋನ್ ಮಾಡ್ತಿದ್ದೇನೆ. ನೀನು ಎತ್ತಬೇಕಲ್ಲ."

"ಮಂಗಳವಾರ ಅಲ್ಲ, ಇಪ್ಪತ್ತೆಂಟು ವರ್ಷ ಇತ್ತು ನಿನಗೆ."

"ನೀನು ಕೇಳಿದ್ಯಾ ಒಂದು ದಿನ? ಒಡೆದದ್ದು ಯಾಕೆ ಅಂತ ಕೇಳಿದ್ಯಾ? ಚೀಲ ತಗೊಂಡೆ, ಹೋದೆ. ಆಮೇಲೆ ಪದ್ಯ ಕಟ್ಟಿದೆ."

"ಅಪ್ಪನೇ ಹೇಳಿದರು, ನಾನು ಒಡೆದೆ ಅಂತ. ಮತ್ತೆ ಏನು ಕೇಳೋದು ನಾನು?"

"ಆಫ್ ಮಾಡಿ ಹೋಗಿದ್ರೆ ಒಡೀತಿರಲಿಲ್ಲ. ಅಷ್ಟು ದೊಡ್ಡ ಡಬ್ಬಕ್ಕೆ ಒಂದು ಆಫ್ ಗುಂಡಿ ಇರಬಾರದಾ?"

"ಹಿಂದೆ ಇತ್ತು," ಎಂದ ಶ್ರೀಶ. "ಹಿಂದುಗಡೆ."

"ಹಿಂದೆ ಯಾರು ಇಡ್ತಾರೆ ಗುಂಡಿಯನ್ನ?"

ಇಬ್ಬರೂ ಏರಿದ ದನಿಯಲ್ಲೇ ನಿಂತಿದ್ದರು. ಅನಿಲ್ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ರಜೆಯ ದಿನಗಳನ್ನು ಎಣಿಸತೊಡಗಿದ. ಶ್ರೀಶನೇ ಮೊದಲು ದನಿ ಇಳಿಸಿದ.

"ಚೂರುಗಳು ಎಲ್ಲಿ ಹೋದವು ಹಾಗಾದರೆ? ನಾನು ಮರುದಿನ ಗೆಳೆಯ ಬಾಬುವನ್ನು ಕಳಿಸಿದ್ದೆ, ತಂತಿ ಕೆಳಗಿನ ಪಿಕಪ್ ಆದರೂ ತೆಗೆದುಕೊಂಡು ಬಾ ಅಂತ. ಏನೂ ಇಲ್ಲ ಅಂದ. ಅದಕ್ಕೇ ಒಲೆಗೆ ಹಾಕಿದರು ಅಂದುಕೊಂಡೆ."

"ಬಾಬು ಬರುವ ಮೊದಲೇ ಅಪ್ಪ ಗೋಣಿಯಲ್ಲಿ ಕಟ್ಟಿಕೊಂಡು ಮೌಂಟ್ ರೋಡಿಗೆ ಹೋಗಿದ್ದರು, ಒಬ್ಬ ರಿಪೇರಿಯವನ ಹತ್ತಿರ. ಅವ ಆಗುವುದಿಲ್ಲ ಅಂದನಂತೆ. ಇನ್ನೊಬ್ಬನ ಹತ್ತಿರ ಹೋದರು. ಅವನೂ ಆಗುವುದಿಲ್ಲ ಅಂದ. ಅಪ್ಪ ಸಂಜೆ ಬರಿಗೈಯಲ್ಲಿ ಬಂದರು. ಅಲ್ಲೇ ಬಿಟ್ಟು ಬಂದೆ ಅಂದರು."

ಶ್ರೀಶ ಗಿಟಾರನ್ನು ಮೆಲ್ಲಗೆ ಸ್ಟ್ಯಾಂಡಿಗೆ ಇಟ್ಟು ಹೊರಗೆ ನಡೆದ. ಶೆಡ್ಡಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕುಳಿತ. ಡ್ರಮ್ಮಿನವರು ಅನಿಲನ ಹತ್ತಿರ ಬಂದು ತಮಿಳಿನಲ್ಲಿ, ಕೊನೆಯ ಹಾಡು ಇದೆಯೋ ಇಲ್ಲವೋ, ಲೈಟಿನವರಿಗೆ ಇವತ್ತೇ ಹೇಳಬೇಕು ಎಂದರು. ತನ್ನನ್ನು ಯಾಕೆ ಕೇಳುತ್ತಾರೋ ಅನಿಲನಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಬ್ಯಾಂಡಿನವರು ಅವನಿಗೆ ಹೇಳಿದ ಮೊದಲ ಮಾತು ಅದು.

ಅರ್ಧ ಗಂಟೆಯ ಮೇಲೆ ಸರಸತ್ತೆ ಹೋಗಿ ತಮ್ಮನ ಪಕ್ಕದಲ್ಲಿ ಕುಳಿತರು. ಏನು ಮಾತಾಡಿದರೋ ಅನಿಲನಿಗೆ ಕೇಳಿಸಲಿಲ್ಲ. ಎದುರಿನ ಕಾರ್ಖಾನೆಯ ಲೇತ್ ಯಂತ್ರದ ಸದ್ದು ಎಲ್ಲವನ್ನೂ ನುಂಗಿತು. ವಾಪಸು ಬರುವಾಗ ಅವರು ಇಷ್ಟೇ ಹೇಳಿದರು: "ಅಳ್ತಾನೆ ಅಂದುಕೊಂಡಿದ್ದೆ. ಬೈದ."

ಭಾನುವಾರ ಸಂಜೆ ಐದೂವರೆಗೆ ಕಾರ್ಯಕ್ರಮ ಶುರುವಾಯಿತು. ಶಾಲೆಯೊಂದರ ಮೈದಾನ, ಎರಡು ಸಾವಿರ ಜನ. ಬಹುಪಾಲು ಅನಿಲನ ವಯಸ್ಸಿನವರೇ. ಹೊಟ್ಟೆ ಬಂದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಸರಸತ್ತೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಎರಡನೇ ಸಾಲಿನಲ್ಲಿ ಕುಳಿತರು. ಒಂದು ಬದಿಗೆ ಭಾವನಾ, ಇನ್ನೊಂದು ಬದಿಗೆ ಅನಿಲ್. ಹಿಂದಿನ ಸಾಲಿನಿಂದ ಧನುಷ್ ಬಗ್ಗಿ, "ಕೊನೆಗೆ ಯಾವುದು ಕೊಟ್ಟೆ?" ಎಂದು ಕೇಳಿದ. ಅನಿಲ್ ಕೇಳಿಸದವನಂತೆ ಇದ್ದ.

ಶ್ರೀಶ ಚೆನ್ನಾಗಿ ಹಾಡಿದ. ಮೊದಲ ಮೂರು ಹಾಡು ಗಂಟಲು ಕಟ್ಟಿತ್ತು, ಆಮೇಲೆ ಬಿಟ್ಟುಕೊಂಡಿತು. ಎಂಟು ಗಂಟೆಯ ಹೊತ್ತಿಗೆ ಎಲ್ಲರೂ ಕಾಯುತ್ತಿದ್ದ ಹಾಡಿನ ಮೊದಲ ಸ್ವರ ಬಂತು. ಮೈದಾನ ಇಡೀ ಎದ್ದು ನಿಂತಿತು.

ಶ್ರೀಶ ಮೈಕಿನ ಹತ್ತಿರ ಬರಲಿಲ್ಲ. ಆಂಪ್ಲಿಫೈಯರಿನ ಪಕ್ಕದಲ್ಲಿ ನಿಂತು ನುಡಿಸಿದ, ಬಾಯಿ ತೆರೆಯಲಿಲ್ಲ. ಜನ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಾತುಗಳನ್ನು ತಾವೇ ಹಾಡತೊಡಗಿದರು, ಮೊದಲ ಸಾಲಿನಿಂದಲೇ. ಶ್ರೀಶ ಕೈ ಎತ್ತಿ ಬೇಡ ಎಂದು ಸನ್ನೆ ಮಾಡಿದ. ಅದನ್ನು ಅವರು ಇನ್ನೂ ಜೋರಾಗಿ ಎಂದು ತಿಳಿದುಕೊಂಡರು. ಅವನು ಮತ್ತೆ ಕೈ ಆಡಿಸಿದ, ಅವರು ಮತ್ತೂ ಏರಿಸಿದರು. ಆ ಹಾಡು ಈಗ ಬರೆದವನ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕೊನೆಯ ಸಾಲು ಬಂದಾಗ ಎರಡು ಸಾವಿರ ಜನ, ಧನುಷನೂ ಸೇರಿ, ಮುಷ್ಟಿ ಎತ್ತಿ, ಭೋಜರಾಜರು ಮಾಡದ ತಪ್ಪಿಗೆ ಅವರನ್ನು ಹದಿನಾರು ಸಲ ಬೈದರು. ಅನಿಲ್ ಎದ್ದು ನಿಂತಿದ್ದ, ಆದರೆ ಬಾಯಿ ಬಿಡಲಾಗಲಿಲ್ಲ. ಅವನಿಗೆ ಶ್ರೀಶನ ಮೇಲೆ ಸಿಟ್ಟು ಬಂತು, ಜನರ ಮೇಲೆ ಬಂತು, ಹಾಡು ತನ್ನ ಕೈ ತಪ್ಪಿಹೋಯಿತಲ್ಲ ಎಂದು ತನ್ನ ಮೇಲೂ ಬಂತು. ಸರಸತ್ತೆಯ ಮುಖ ನೋಡಲು ಹೆದರಿ ವೇದಿಕೆಯನ್ನೇ ನೋಡಿದ.

ಗದ್ದಲ ಇಳಿದ ಮೇಲೆ ಭಾವನಾ ತಾಯಿಯ ಭುಜ ಹಿಡಿದುಕೊಂಡಳು. "ಅಮ್ಮ, ಸರಿ ಇದ್ದೀರಾ?"

ಸರಸತ್ತೆ ಕಿವಿಯಿಂದ ಹತ್ತಿ ತೆಗೆದರು. "ಅಪ್ಪ ಇದ್ದಿದ್ರೆ, ಇಷ್ಟು ಜನಕ್ಕೆ ಊಟ ಆಯ್ತಾ ಅಂತ ಮೊದಲು ಕೇಳ್ತಿದ್ದರು," ಎಂದರು. ಕಣ್ಣು ಒದ್ದೆಯಾಗಿತ್ತು. ಹತ್ತಿಯನ್ನು ಸೆರಗಿನ ತುದಿಗೆ ಕಟ್ಟುತ್ತ, "ಗಿಟಾರು ಅವನದೇ," ಎಂದರು.

ಬುಧವಾರ ಶ್ರೀಶ ಎಗ್ಮೋರಿನ ಮನೆಗೆ ಬಂದ, ಕರೆಯದೆ, ಮಧ್ಯಾಹ್ನದ ಊಟದ ಹೊತ್ತಿಗೆ. ಸುದ್ದಿ ತಿಳಿದ ಅನಿಲ್ ಅರ್ಧ ದಿನ ರಜೆ ಹಾಕಿ, ಭಾವನಾಳಿಗೂ ಹಾಕಿಸಿ ಓಡಿಬಂದ. ಎರಡು ದಶಕಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಗಳು ಅವನ ಹತ್ತಿರ ಎಷ್ಟೋ ಇದ್ದವು. ಎರಡನೇ ಆಲ್ಬಮ್ಮಿನ ಆರನೆಯ ಹಾಡಿನಲ್ಲಿ ಕೇಳಿಸುವ ರೈಲು ನಿಜವಾದದ್ದೇ? ಐದನೆಯ ಆಲ್ಬಂ ಅರ್ಧಕ್ಕೆ ನಿಂತದ್ದು ಯಾಕೆ? ಊಟದ ಮೇಜಿನಲ್ಲಿ ಶ್ರೀಶನ ಎದುರಿಗೇ ಜಾಗ ಸಿಕ್ಕಿತು.

ಅಕ್ಕ ತಮ್ಮ ಅನ್ನಕ್ಕೆ ಹುಳಿ ಬಡಿಸಿಕೊಳ್ಳುವಾಗ, ಅಮ್ಮ ಹುಳಿಗೆ ಕೊತ್ತಂಬರಿ ಬೀಜ ಹುರಿದು ಹಾಕುತ್ತಿದ್ದರೋ ಹಸಿಯಾಗಿ ಹಾಕುತ್ತಿದ್ದರೋ ಎಂಬ ಮಾತು ಬಂತು. ಹುರಿದು ಎಂದರು ಸರಸತ್ತೆ. ಹಸಿ ಎಂದ ಶ್ರೀಶ. ಮಾವನವರನ್ನು ಸಾಕ್ಷಿಗೆ ಕರೆದರು. ಅವರು ನನಗೆ ಗೊತ್ತಿಲ್ಲ ಎಂದು ಮಜ್ಜಿಗೆಗೆ ಕೈ ಚಾಚಿದರು. ಸಾಲಿಗ್ರಾಮದ ಚಿಕ್ಕಮ್ಮನಿಗೆ ಫೋನು ಹೋಯಿತು. ಚಿಕ್ಕಮ್ಮ ಎರಡೂ ಅಲ್ಲ ಎಂದರು. ಅವರಿಗೆ ವಯಸ್ಸಾಯಿತು, ಮರೆತಿದ್ದಾರೆ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿ, ಮತ್ತೆ ಶುರುಮಾಡಿದರು. ಅನಿಲ್ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಶ್ರೀಶ, "ಒಂದು ನಿಮಿಷ ಇರಿ," ಎಂದು ಎಡಗೈ ಎತ್ತಿ ಅಕ್ಕನ ಕಡೆಗೇ ತಿರುಗಿದ. ಗಂಟೆ ಮೂರಾಯಿತು. ಭಾವನಾ ಎಲೆ ತೆಗೆಯಲು ಬಂದವಳು ಗಂಡನ ಮುಖ ನೋಡಿ, ನಗು ತಡೆದುಕೊಂಡು ಒಳಗೆ ಹೋದಳು.